ಮೂರು ವರ್ಷ ದಿನಾ ಓಡಿಸಿದ ಮ್ಯಾಲೆ: ಸ್ಯಾನ್ ಸ್ಟಾರ್ಮ್, ಧಾರವಾಡ–ಹುಬ್ಬಳ್ಳಿ

ಗೋವಾದಾಗ ತಯಾರಾದ ಮ್ಯಾಲೆ ತೆರೆದಿರೂ ಸಣ್ಣ ಕಾರು, 1998ರಾಗ ಬಂದದ್ದು, ರೆನೋದ 1149 ಸಿಸಿ ಇಂಜಿನ್, ಫೈಬರ್ ಬಾಡಿ, ಎರಡ ಸೀಟು. ಉಳದದ್ದು ಹುಡುಕಿದ್ರ ಸಿಗತೈತಿ. ನಾ ಬರಿಯಾಕ ಕುಂತದ್ದು ಅದರ ಟಾಪ್, ಅಂದ್ರ ತಗದು ಹಾಕೂ ಮ್ಯಾಲಿನ ಹೊದಿಕಿ, ಅದರ ಸಲುವಾಗಿ.

ಮನಿ ಸಪ್ತಾಪುರದಾಗ, ಕೆಲಸ ಹುಬ್ಬಳ್ಳಿ ವಿದ್ಯಾನಗರದಾಗ, ಹೋಗಿ ಬರೂದು ಸುಮಾರು 35 ಕಿ.ಮೀ. ಮುಂಜಾನೆ ಚಾ ಕುಡದು ಮಾಡೂ ಮೊದಲ್ನೇ ಕೆಲಸ ಅಂದ್ರ ಮಾಳಗಿ ಮ್ಯಾಲೆ ಹತ್ತಿ ಹಳಿಯಾಳ ದಿಕ್ಕಿಗೆ ಮುಗಲು ನೋಡೂದು, ಆ ಕಡೆ ಕರ್ರಗಾಗಿದ್ರ ಟಾಪ್ ಹಾಕ್ಕೊಂಡ ಹೊಂಡಬೇಕು, ಯಾಕಂದ್ರ ಧಾರವಾಡದ ಜಿಟಿಜಿಟಿ ಮಳಿ ಜೋರ ಬರೂದಿಲ್ಲ ಖರೆ, ಹಿಡಿದ್ರ ಬಿಡೂದಿಲ್ಲ.

ಗಾಡಿ ಜೋಡಿ ಬಂದ ಹಳೇ ಟಾಪ್ ಹರದ ಹೋಗಿತ್ತು. ಒಂದು ಸೀಟ್ ಕವರ್ ಅಂಗಡಿಯಾಗ 14 ಸಾವಿರ ಕೊಟ್ಟು ಹೊಸಾ ರೆಕ್ಸಿನ್ ಹೊಲಿಸಿದೆ. ನೋಡಾಕ ಭಾಳ ಚಂದ ಇತ್ತು. ಮೊದಲ್ನೇ ಮಳಿಗೇ ಎಡಗಡೆ ಹೊಲಿಗಿಯಿಂದ ತಟಕ್ ತಟಕ್ ಅಂತ ನೀರು, ಬಾಜೂ ಸೀಟಿನ್ಯಾಗ ಇಟ್ಟ ಫೈಲ್ ಎಲ್ಲಾ ತೊಯ್ದು ಹೋತು. ಎರಡ ಸಲ ಒಯ್ದೆ. ಎರಡೂ ಸಲ ಸಿಲಿಕಾನ್ ಬಳದು ಕಳಿಸಿದ್ರು, ವಾರದಾಗ ಅದು ಕಿತ್ತು ಬಂತು, ಮೂರನೇ ಸಲ ಹೋದ್ರ ಹಳೇ ಗಾಡಿ ಅಂದ್ರ ಹಿಂಗ ಸರ್ ಅಂದಬಿಟ್ರು. ಹೊಟ್ಟಿ ಉರದ ಹೋತು. ಗಾಡಿ ಹಳೇದ್ರಿ, ಹೊಲಿಗಿ ಹೊಸಾದಲ್ಲಾ! ಆ ಮಳಿಗಾಲ ಪೂರ್ತಿ ತೊಡಿ ಮ್ಯಾಲೆ ಟವೆಲ್ ಹಾಕ್ಕೊಂಡ ಓಡಿಸೇನಿ, ಮಾರಿ ಬಿಡೂಣು ಅಂತ ಫೋಟೋನೂ ತಗದಿದ್ದೆ.

ಅಮರಗೋಳ ಎಪಿಎಂಸಿ ಕಡೆ ತಾಡಪತ್ರಿ ಹೊಲಿಯೂ ಕಾಕಾ ಒಬ್ರು ಕಂಡ್ರು. ಟಾಪ್ ಮ್ಯಾಲೆ ಕೈ ಆಡಿಸಿ, ತಮ್ಮಾ, ಇದು ಅರಿವಿ ಹೊಲಿಗಿ, ನೀರು ಬರೂದು ಸೂಜಿ ತೂತಿನ್ಯಾಗ, ಅಂಚು ಒಂದರಾಗೊಂದು ಮಡಚಿ ಹೊಲಿಬೇಕು, ಮಡಿಚಿದ್ದು ಇಳಿಜಾರಿನ ಕಡೆ ಇರಬೇಕು, ಅಂದ್ರು. ದಾರಕ್ಕ ಮೇಣ ಹಚ್ಚಿ ಅರ್ಧಾ ದಿನ ಕುಂತು ಹೊಲಿದು ಕೊಟ್ರು, 600 ರೂಪಾಯಿ. ಎರಡ ಮಳಿಗಾಲ ಆತು, ಒಂದ ಹನಿ ಬಂದಿಲ್ಲ.

ಸಿಟ್ಟು ಇಳದ ಮ್ಯಾಲೆ ನನಗ ಈ ಗಾಡಿ ತಿಳೀಲಿಕ್ಕೆ ಹತ್ತಿತು. ಟಾಪ್ ತಗದ್ರ ಇದ ದಾರಿ ಮೂಗಿಲೆ ಗೊತ್ತಾಗತೈತಿ. ಲೈನ್ ಬಜಾರ್ ಕಡೆಯಿಂದ ಹಾದ್ರ ಖೋವಾ ಹುರಿಯೂ ವಾಸನಿ, ನವಲೂರ ಹತ್ರ ಪೇರಲಹಣ್ಣು, ಉಣಕಲ್ ಕೆರಿ ಬಂತಂದ್ರ ಒಮ್ಮೆಲೆ ತಂಪು ಗಾಳಿ ಮಾರಿಗೆ ಹೊಡೀತೈತಿ. ಪೇರಲ ಸೀಜನ್ನಿನ್ಯಾಗ ಬುಟ್ಟಿ ಇಟಗೊಂಡ ಕೂಡೂ ಅಜ್ಜಿ ನಾ ಗಾಡಿ ನಿಲ್ಲಿಸಿದ್ರ ಸಾಕು, ಕುಂತಲ್ಲಿಂದನ ಕೈ ಚಾಚಿ ಹಣ್ಣು ನನ್ನ ಕೈಯಾಗ ಇಡತಾಳ, ಉಪ್ಪು ಖಾರ ಹಚ್ಚಲೇನೋ ಅಂತ ಕೇಳತಾಳ, ನಾನೂ ಅಕಿ ಸಮಾ ಎತ್ತರದಾಗ ಕುಂತಿರತೇನಿ ನೋಡ್ರಿ. ಹತ್ತು ವರ್ಷ ಕಾಜ್ ಏರಿಸಿ ಎಸಿ ಹಾಕ್ಕೊಂಡ ಇದ ರಸ್ತೆದಾಗ ಹೋಗೇನಿ, ಅಕಿ ಮಾರಿ ಒಮ್ಮೆನೂ ನೋಡಿದ್ದಿಲ್ಲ.

ತ್ರಾಸೂ ಐತಿ. ಹುಬ್ಬಳ್ಳಿ–ಧಾರವಾಡ ನಡುವ ಓಡೂ ಚಿಗರಿ ಬಸ್ಸಿಗೆ ನಡುವಿನ ಲೇನ್ ಹೋದ ಮ್ಯಾಲೆ ಉಳದವ್ರೆಲ್ಲಾ ಬಾಜೂಕ ಒತ್ತಿಕೊಂಡ ಹೋಗಬೇಕು, ಲಾರಿ ಗಾಲಿ ನಟ್ಟು ನನ್ನ ಕಣ್ಣಿಗೆ ಸಮಾ ಬರತಾವು, ಹೊಗಿ ಸೀದಾ ಮಾರಿಗೆ. ಲಾರಿ ಡ್ರೈವರಗ ನಾ ಕಾಣವಲ್ನೇನೋ ಅಂತ ಎದಿ ಧಡಧಡ ಅಂತೈತಿ, ಹಾರ್ನ್ ಮಾತ್ರ ಜೋರಿಂದು ಹಾಕಿಸ್ರಿ. ಮಾರ್ಚ್ ಏಪ್ರಿಲ್‌ದಾಗ ಹನ್ನೊಂದರ ಮ್ಯಾಲೆ ಟಾಪ್ ತಗ್ಯಾಕ ಆಗೂದ ಇಲ್ಲ. ಫೈಬರ್‌ಗೆ ಜಂಗ್ ಹಿಡಿಯೂದಿಲ್ಲ, ಆದ್ರ ಆಟೋ ತಾಗಿದ್ರ ತಗಡಿನಂಗ ಬಡದು ನೆಟ್ಟಗ ಮಾಡಾಕ ಬರೂದಿಲ್ಲ, ಸೀಳತೈತಿ, ರೆಸಿನ್ ಹಾಕಿ ತುಂಬೂ ಕೈ ಬೇಕು.

ಲೀಟರಿಗೆ 12–13 ಕೊಡತೈತಿ, ತಿಂಗಳಾ ಆರೇಳು ಸಾವಿರ ಪೆಟ್ರೋಲಿಗೇ. ನನ್ನ ಪಗಾರಕ್ಕ ಇದು ಹೆಚ್ಚ, ಅದಕ್ಕ ಹೊರಗ ಊಟಾ ಬಿಟ್ಟೇನಿ. ಮನ್ಯಾಗ ಇದೊಂದ ಗಾಡಿ ಇದ್ರ, ನಿಲ್ಲಸಾಕ ಶೆಡ್ ಇಲ್ಲಂದ್ರ ತಗೋಬ್ಯಾಡ್ರಿ. ತಗೊಂಡ್ರ ಮೊದಲ ತಾಡಪತ್ರಿ ಹೊಲಿಯೂವ್ರ ಹತ್ರ ಹೋಗ್ರಿ, ಸೀಟ್ ಕವರ್ ಅಂಗಡಿಗೆ ಅಲ್ಲ.