ಇಂದಿರಾ ಕ್ಯಾಂಟೀನ್ ಊಟ, ಬಿಟ್ಟಿ ಅಲ್ಲ ಸ್ವಾಮಿ
2017ರಲ್ಲಿ ಬೆಂಗಳೂರಲ್ಲಿ ಶುರುವಾದ ಸರ್ಕಾರಿ ಕ್ಯಾಂಟೀನು, ತಿಂಡಿ 5 ರೂಪಾಯಿ ಊಟ 10 ಅಂತ ಬಂದಿದ್ದು. ಅನ್ನ ಸಾಂಬಾರ್ ಹೊಟ್ಟೆ ತುಂಬತ್ತೆ, ರುಚೀಲಿ ದರ್ಶಿನಿ ಜೊತೆ ಹೋಲಿಸ್ಬೇಡಿ, ಆದ್ರೆ ಗಾರೆ ಕೆಲಸದವರು, ಆಟೋದವರು, ಓದೋಕೆ ಬಂದಿರೋ ಹುಡುಗ್ರು ಎಲ್ಲಾ ಒಂದೇ ಕ್ಯೂನಲ್ಲಿ ನಿಂತು ತಿಂತಾರಲ್ಲ, ಅದು ನಂಗೆ ತುಂಬಾ ಇಷ್ಟ.

ಇದನ್ನ ಬಿಟ್ಟಿ ಊಟ ಅಂದ್ರೆ ಸಿಟ್ಟು ಬರತ್ತೆ. 2020ರ ರಾಜ್ಯ ಬಜೆಟ್ಟಲ್ಲಿ ಪೆಟ್ರೋಲ್ ಟ್ಯಾಕ್ಸ್ 32ರಿಂದ 35 ಪರ್ಸೆಂಟ್, ಡೀಸೆಲ್ 21ರಿಂದ 24 ಮಾಡಿದ್ರು, ಆಮೇಲೆ ಲಾಕ್‌ಡೌನಲ್ಲಿ ಕೂಲಿನೇ ಇಲ್ದಾಗ ಮದ್ಯದ ಮೇಲಿನ ಸುಂಕನೂ ಏರಿಸಿದ್ರು. ಕೋಟಿ ಇರೋರಿಗೂ ಕೂಲಿಯವರಿಗೂ ಒಂದೇ ರೇಟು, ಭಾರ ಬೀಳೋದು ಬಡವರಿಗೇ. ಅವರೂ ಕಟ್ಟಿದ ದುಡ್ಡಿದು! ಖಜಾನೆ ಸೊರಗಿದಾಗ ಮೊದಲ ಕತ್ತರಿ ಇಲ್ಲಿಗೆ ಹಾಕಲೇಬಾರದು.

ಐದಕ್ಕೆ ನಾಲ್ಕು ಸ್ಟಾರ್. ಮಧ್ಯಾಹ್ನ ಸ್ವಲ್ಪ ಬೇಗನೇ ಹೋಗಿ.