ಕೋಲ್ವಾದ ಹಳೇ ಮನೆಯೋ, ಮಡಗಾಂವಿನ ಫ್ಲ್ಯಾಟೋ?

ಹುಬ್ಬಳ್ಳಿಯಿಂದ ತಮ್ಮ ಕೇಳಿದ್ದಾನೆ: ಗೋವಾದ ಕೋಲ್ವಾ ಬೀಚಿನ ಹತ್ತಿರ ಒಂದು ಹೆಂಚಿನ ಮನೆ ಮಾರಾಟಕ್ಕಿದೆ, ತಗೊಳ್ಳಲೋ, ಇಲ್ಲಾ ಮಡಗಾಂವಿನಲ್ಲಿ ಫ್ಲ್ಯಾಟ್ ನೋಡಲೋ? ಎರಡಕ್ಕೂ ನಡುವೆ ಆರು ಕಿಲೋಮೀಟರ್ ಅಷ್ಟೇ. ತಲೆನೋವು ಮಾತ್ರ ಬೇರೆ ಬೇರೆ.

ಮೊದಲು ಕಾಗದ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕಾಯ್ದೆ ಇನ್ನೂ ನಡೆಯುತ್ತದೆ. ಆಸ್ತಿಯಲ್ಲಿ ಸಾಮಾನ್ಯವಾಗಿ ಗಂಡ, ಹೆಂಡತಿ ಇಬ್ಬರಿಗೂ ಪಾಲು, ಇಬ್ಬರ ಸಹಿಯೂ ಬೇಕು. ಮನೆ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಲಿಸ್ಬನ್‌ನಲ್ಲಿರುವ ಮೊಮ್ಮಗನನ್ನೂ ಹುಡುಕಬೇಕಾದೀತು! ಹಿತ್ತಲಲ್ಲಿ ಮುಂಡ್ಕಾರರ, ಅಂದರೆ ಮಾಲೀಕರ ಜಾಗದಲ್ಲಿ ಅವರ ಒಪ್ಪಿಗೆಯಿಂದ ವಾಸವಿರುವವರ, ಮನೆ ಇದೆಯಾ ನೋಡು. 1975ರ ಕಾಯ್ದೆ ಅವರಿಗೆ ರಕ್ಷಣೆ ಕೊಡುತ್ತದೆ. ಸಮುದ್ರ ಉಕ್ಕಿದಾಗ ನೀರು ಬಂದು ಮುಟ್ಟುವ ಭರತದ ಗೆರೆಯಿಂದ 500 ಮೀಟರ್ ಒಳಗಿದ್ದರೆ ಕರಾವಳಿ ನಿಯಮಗಳೂ ಬಂದವು. ಸುಮ್ನೆ ಒಂದು ಕೋಣೆ ಕಟ್ಟಿಸುತ್ತೇನೆ ಅಂದರೆ ಆಗಲ್ಲ. ಫ್ಲ್ಯಾಟಿಗೆ ಈ ಗೋಜಲು ಕಡಿಮೆ, ಆದರೂ ವಕೀಲರಿಗೆ ತೋರಿಸು.

ಖರ್ಚು? ಉಪ್ಪುಗಾಳಿಗೆ ಕಿಟಕಿ ಸರಳು ಪದರು ಪದರಾಗಿ ಉದುರುತ್ತದೆ. ನಾವು ಬಾಡಿಗೆಗಿದ್ದ ಮನೆಯಲ್ಲಿ ಜುಲೈ ತಿಂಗಳಲ್ಲಿ ಕಪಾಟು ತೆಗೆದರೆ ಬೆಲ್ಟಿನ ಮೇಲೆ ಹಸಿರು ಬೂಷ್ಟು. ಬೀಗ ಹಾಕಿ ಹೋದರೆ ಗೆದ್ದಲಿಗೆ ಹಬ್ಬ. ಫ್ಲ್ಯಾಟಿನಲ್ಲಿ ತಿಂಗಳ ಮೆಂಟೆನೆನ್ಸ್ ಕಟ್ಟಿದರೆ ಮುಗೀತು.

ವರ್ಷಕ್ಕೆ ಎರಡು ಸಲ ಬರುವವನಾದರೆ ಫ್ಲ್ಯಾಟೇ ಸರಿ, ರೈಲಿಳಿದರೆ ಮನೆ. ಅಪ್ಪ-ಅಮ್ಮ ಇಲ್ಲೇ ಇರುತ್ತಾರೆ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಜನ ಇದ್ದಾರೆ ಅಂದರೆ ಹಳೇ ಮನೆ ನೋಡು. ಆ ಜಗುಲಿ ಫ್ಲ್ಯಾಟಿನಲ್ಲಿ ಎಲ್ಲಿ ಸಿಗಬೇಕು, ಅಲ್ವಾ?