‘ಆಂಟಿಸೆಮಿಟಿಸಂ’ ವಿಡಿಯೊ ಕೋರ್ಸ್: ಶುರು ಚೆನ್ನಾಗಿದೆ, ಕೊನೆಗೆ ಅವಸರ

ರೇಟಿಂಗ್: 5ಕ್ಕೆ 3.5

ಆಂಟಿಸೆಮಿಟಿಸಂ, ಅಂದರೆ ಯೆಹೂದಿ ದ್ವೇಷ, ಅನ್ನುವ ಪದ ಎಲ್ಲಿಂದ ಬಂತು, ಅದರ ಅರ್ಥ ಏನು ಅನ್ನುವುದಷ್ಟೇ ಈ ಕೋರ್ಸಿನ ವಿಷಯ. ಒಂದು ಪದಕ್ಕೆ ಇಡೀ ಕೋರ್ಸ್ ಬೇಕಾ? ಬೇಕು.

ಮೊದಲ ಪಾಠ 1781ರಿಂದ ಶುರು. ಹೀಬ್ರೂ, ಅರೇಬಿಕ್‌ನಂಥ ಒಂದೇ ಬಳಗದ ಭಾಷೆಗಳಿಗೆ ಜರ್ಮನ್ ವಿದ್ವಾಂಸ ಶ್ಲೋಟ್ಸರ್ ‘ಸೆಮಿಟಿಕ್’ ಎಂದು ಹೆಸರಿಟ್ಟ, ಬೈಬಲ್ಲಿನ ನೋಹನ ಮಗ ಶೇಮನ ಹೆಸರು ಅದು. ಮುಂದೆ ಭಾಷೆಯ ಹೆಸರೇ ಜನಾಂಗದ ಹೆಸರಾಯಿತು. 1860ರಲ್ಲಿ ಯೆಹೂದಿ ವಿದ್ವಾಂಸ ಸ್ಟೈನ್‌ಶ್ನೈಡರ್, ಫ್ರಾನ್ಸಿನ ವಿದ್ವಾಂಸ ರೆನಾನ್‌ಗೆ ಸೆಮಿಟಿಕ್ ಜನರ ಬಗ್ಗೆ ಇದ್ದ ಪೂರ್ವಗ್ರಹಗಳನ್ನು ಟೀಕಿಸುತ್ತಾ ‘ಆಂಟಿಸೆಮಿಟಿಕ್’ ಎಂಬ ಮಾತು ಬಳಸಿದ್ದರು.

ನಿಜವಾದ ಮಜಾ ಇರುವುದು 1879ರ ಪಾಠದಲ್ಲಿ. ಪತ್ರಕರ್ತ ವಿಲ್ಹೆಲ್ಮ್ ಮಾರ್ ಆ ವರ್ಷ ಬರ್ಲಿನ್‌ನಲ್ಲಿ ‘ಆಂಟಿಸೆಮಿಟ್ ಲೀಗ್’ ಎಂಬ ಯೆಹೂದಿ ವಿರೋಧಿ ಸಂಘ ಕಟ್ಟುತ್ತಾನೆ, ಪದ ಊರೆಲ್ಲಾ ಹರಡುತ್ತದೆ. ಜರ್ಮನ್ನಿನಲ್ಲಿ ಅದಕ್ಕೆ ಮೊದಲೇ ‘ಯೂಡೆನ್‌ಹಾಸ್’, ಅಂದರೆ ಯೆಹೂದಿ ದ್ವೇಷ, ಅನ್ನುವ ನೇರ ಪದ ಇತ್ತಲ್ವಾ, ಮತ್ತೆ ಹೊಸದು ಯಾಕೆ? ಹಳೆಯ ದ್ವೇಷ ಧರ್ಮದ್ದು, ಮತಾಂತರವಾದರೆ ತಪ್ಪಿಸಿಕೊಳ್ಳುವ ದಾರಿಯಾದರೂ ಇತ್ತು, ಆದರೆ ದ್ವೇಷವನ್ನು ರಕ್ತಕ್ಕೆ, ಅಂದರೆ ಜನಾಂಗಕ್ಕೆ, ಅಂಟಿಸಿದ ಮೇಲೆ ಯಾವ ದಾರಿಯೂ ಉಳಿಯುವುದಿಲ್ಲ. ಹಳೇ ದ್ವೇಷಕ್ಕೆ ವಿಜ್ಞಾನದ ಕೋಟು ತೊಡಿಸಿದ ಹಾಗೆ. 1871ರಲ್ಲಿ ಜರ್ಮನ್ ಸಾಮ್ರಾಜ್ಯದ ಯೆಹೂದಿಗಳಿಗೆ ಸಮಾನ ಹಕ್ಕು ಸಿಕ್ಕಿತ್ತು, 1873ರಲ್ಲಿ ಷೇರುಪೇಟೆ ಕುಸಿದಿತ್ತು, ಸಿಟ್ಟು ಯಾರ ಮೇಲೆ ತಿರುಗಿತು ಅಂತ ಬೇರೆ ಹೇಳಬೇಕಿಲ್ಲ. ಇಷ್ಟನ್ನು ಇಲ್ಲಿ ಬಹಳ ಚೆನ್ನಾಗಿ ಜೋಡಿಸಿದ್ದಾರೆ.

‘ಅರಬ್ಬರೂ ಸೆಮೈಟ್‌ಗಳೇ, ಅವರು ಹೇಗೆ ಆಂಟಿಸೆಮಿಟಿಕ್ ಆಗುತ್ತಾರೆ’ ಅನ್ನುವ ವಾದ ನೀವೂ ಕೇಳಿರುತ್ತೀರಿ. ಮಾರ್‌ನ ಗುರಿ ಯೆಹೂದಿಗಳು ಮಾತ್ರ, ಪದ ಹುಟ್ಟಿದ್ದೇ ಹಾಗೆ, ಆಮೇಲೆ ಬಿಡಿಸಿ ಅರ್ಥ ಹುಡುಕಿ ಪ್ರಯೋಜನವಿಲ್ಲ. ಇಂಗ್ಲಿಷಿನಲ್ಲಿ ‘anti-Semitism’ ಎಂಬುದರ ನಡುವಿನ ಅಡ್ಡಗೆರೆ ತೆಗೆದು ಒಂದೇ ಪದವಾಗಿ ಬರೆಯಿರಿ ಎಂದು ಹಲವರು ಕೇಳುವುದೂ ಇದಕ್ಕೇ.

ಇನ್ನು ಕೊರತೆ. ಹೋಲೋಕಾಸ್ಟ್ (ನಾಜಿಗಳು ನಡೆಸಿದ ಯೆಹೂದಿ ನರಮೇಧ) ಸ್ಮರಣೆಗಾಗಿ ಇರುವ ಅಂತರರಾಷ್ಟ್ರೀಯ ಸಂಸ್ಥೆ ಐಎಚ್‌ಆರ್‌ಎ 2016ರಲ್ಲಿ ಈ ಪದಕ್ಕೆ ಕೊಟ್ಟ ವ್ಯಾಖ್ಯೆ, ಅದಕ್ಕೆ ಬದಲಾಗಿ ವಿದ್ವಾಂಸರು ತಂದ 2021ರ ಜೆರುಸಲೇಂ ಘೋಷಣೆ, ಇಸ್ರೇಲ್ ಸರ್ಕಾರವನ್ನು ಟೀಕಿಸುವುದು ಎಲ್ಲಿ ಯೆಹೂದಿ ದ್ವೇಷವಾಗುತ್ತದೆ ಅನ್ನುವ ಜಗಳ, ಎಲ್ಲವನ್ನೂ ಕೊನೆಯ ಪಾಠದಲ್ಲಿ ಗಡಿಬಿಡಿಯಲ್ಲಿ ತುರುಕಿದ್ದಾರೆ. ಇವತ್ತು ಜನ ಜಾಸ್ತಿ ಕೇಳುವುದೇ ಅದನ್ನು! ಕ್ವಿಜ್ ಸುಮ್ನೆ ಇಸವಿ ಬಾಯಿಪಾಠ ಮಾಡಿಸುತ್ತದೆ, ಬಿಟ್ಟರೂ ನಡೆಯುತ್ತದೆ. 1879ರ ಪಾಠವನ್ನು ಮಾತ್ರ ತಪ್ಪಿಸಬೇಡಿ.